ಗೇಟು ಎತ್ತಿದ ಮೇಲೆ

ಮೂರನೆಯ ಸಲಾಯಿನ್ ಹಚ್ಚಿಸಿಕೊಂಡು ಊರಿಗೆ ಬಂದ ಒಂಬತ್ತನೆಯ ದಿನ ಅಪ್ಪನ ಹೊಟ್ಟೆ ಕೆಟ್ಟಿತು. ಏಪ್ರಿಲ್ ತಿಂಗಳು. ಸುರಪುರದ ಗುಡ್ಡದ ಕಲ್ಲುಗಳು ರಾತ್ರಿ ಹತ್ತಾದರೂ ಕಾವು ಬಿಡದ ದಿನಗಳು. ಮೊದಲ ದಿನ ನಾಲ್ಕು ಸಲ, ಮರುದಿನ ಆರು ಸಲ. ಅವ್ವ ಮಜ್ಜಿಗೆಗೆ ಜೀರಿಗೆ ಹಾಕಿ ಕೊಟ್ಟಳು, ಸಾಬೂದಾನಿ ಗಂಜಿ ಕಾಸಿದಳು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಉಷ್ಣ ಆಗ್ಯದ. ಬ್ಯಾಸಿಗ್ಯಾಗ ಇದು ಎಲ್ಲಾರಿಗೂ ಇರೂದೇ." ನಾನೂ ಹಾಗೇ ತಿಳಿದು ಮೆಡಿಕಲ್ ಅಂಗಡಿಯಿಂದ ಹೊಟ್ಟೆ ಕಟ್ಟುವ ಗುಳಿಗೆ ತಂದು ಕೊಟ್ಟೆ. ಮೂರನೆಯ ದಿನ ಫೈಲಿನಲ್ಲಿ ಬೇರೇನೋ ಹುಡುಕುವಾಗ, ಆಸ್ಪತ್ರೆಯವರು ಪಿನ್ ಹಾಕಿ ಕೊಟ್ಟಿದ್ದ ಚೀಟಿ ಕೈಗೆ ಬಂತು. ಭೇದಿ ಆದರೆ, ದಮ್ಮು ಹತ್ತಿದರೆ, ಮೈಮೇಲೆ ಗಂಧೆ ಎದ್ದರೆ ಅದೇ ದಿನ ಫೋನ್ ಮಾಡಿ ಎಂದು ಅದರಲ್ಲಿತ್ತು. ಅದೇ ದಿನ ಅನ್ನುವುದರ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. ನಾವು ಆಗಲೇ ಎರಡು ದಿನ ಕಳೆದಿದ್ದೆವು.

ಅಪ್ಪನದು ದವಡೆಯ ಕ್ಯಾನ್ಸರ್. ಶಹಾಪುರ ಶಾಖಾ ಕಾಲುವೆಯ ಕೊನೆಯಂಚಿನ ನಾಲ್ಕು ಎಕರೆಯಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆದವನು. ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುವುದು ಹದಿನಾರನೇ ವಯಸ್ಸಿಗೇ ಹತ್ತಿದ ಚಟ. ಆಪರೇಷನ್ ಆಯಿತು, ಕರೆಂಟ್ ಕೊಟ್ಟಿದ್ದಾಯಿತು, ಒಂದೂವರೆ ವರ್ಷಕ್ಕೆ ಕುತ್ತಿಗೆಯ ಗಂಟಾಗಿ ಮತ್ತೆ ಬಂತು. ಅರ್ಧ ದವಡೆ ಹೋದ ಮೇಲೆ ರೊಟ್ಟಿ ಕಡಿಯಲಾಗದು. ಪುಂಡಿಪಲ್ಯೆಯ ರಸದಲ್ಲಿ ನೆನೆಸಿಟ್ಟು ಬೆರಳಿನಿಂದ ಕಿವುಚಿ ತಿನ್ನುತ್ತಾನೆ. ಈ ಸಲ ಕೊಟ್ಟದ್ದು ಕೀಮೋ ಅಲ್ಲ, ಇಮ್ಯುನೋಥೆರಪಿ ಎಂದರು. ನಿವೊಲುಮ್ಯಾಬ್ ಎಂಬ ಔಷಧಿ, ಮೂರು ವಾರಕ್ಕೊಮ್ಮೆ. ಜೊತೆಗೆ ಮನೆಯಲ್ಲಿ ನುಂಗಲು ಮೂರು ಬಗೆಯ ಗುಳಿಗೆ.

ಫೋನಿನಲ್ಲಿ ಡಾಕ್ಟರು ಮೂರೇ ಮಾತು ಕೇಳಿದರು. ದಿನಕ್ಕೆ ಎಷ್ಟು ಸಲ? ರಕ್ತ ಬೀಳುತ್ತಿದೆಯೆ? ಹೊಟ್ಟೆ ನುಲಿಯುತ್ತದೆಯೆ? ಆಮೇಲೆ, "ಇವತ್ತೇ ಹೊರಡಿ" ಎಂದರು. ಹೋದ ಮೇಲೆ ಗೊತ್ತಾಯಿತು, ಅವರ ಅನುಮಾನ ಮೂವರ ಮೇಲೆ. ಬೇಸಿಗೆಯ ನೀರಿನಿಂದ ತಗುಲಿದ ಸೋಂಕು ಇರಬಹುದು. ಮೂರು ಗುಳಿಗೆಗಳಲ್ಲಿ ಒಂದಾದ ಎರ್ಲೊಟಿನಿಬ್ ಇರಬಹುದು. ಅದೂ ಹೊಟ್ಟೆ ಕೆಡಿಸುತ್ತದೆ. ಅಥವಾ ಸಲಾಯಿನ್ನಿನ ಔಷಧಿ. ಗುಳಿಗೆ ನಿಲ್ಲಿಸಿದರು, ಮಲ ಪರೀಕ್ಷೆಗೆ ಕಳಿಸಿದರು. ಸೋಂಕಿಲ್ಲ ಎಂದು ಬಂತು. ಗುಳಿಗೆ ನಿಂತರೂ ಭೇದಿ ನಿಲ್ಲಲಿಲ್ಲ. ಆಗ ಸ್ಟೀರಾಯ್ಡ್ ಶುರು ಮಾಡಿದರು.

"ಮೈಯಲ್ಲಿರೋ ಸೈನ್ಯಕ್ಕೆ ಒಂದು ಬ್ರೇಕ್ ಇರ್ತದೆ. ಈ ಔಷಧಿ ಆ ಬ್ರೇಕ್ ತೆಗೀತದೆ. ಸೈನ್ಯ ಗಡ್ಡೆ ಮೇಲೂ ಬೀಳ್ತದೆ, ಒಮ್ಮೊಮ್ಮೆ ಕರುಳಿನ ಮೇಲೂ ಬೀಳ್ತದೆ" ಎಂದರು ಡಾಕ್ಟರು.

ಅಪ್ಪ ತೊದಲುತ್ತ ಹೇಳಿದ: "ಗೇಟ್ ಎತ್ತಿದಂಗ. ನೀರು ನನ್ನ ಹೊಲ ಯಾವುದು, ಮಗ್ಗಲದವನ ಹೊಲ ಯಾವುದು ಅಂತ ನೋಡ್ತದೇನ್ರೀ?"

ಕಾಲುವೆಯ ಕೊನೆಯಲ್ಲಿ ನೀರಿಗೆ ಕಾದು ಕೂತವನಿಗೇ ಹೊಳೆಯುವ ಮಾತು. ಆ ರಾತ್ರಿ ವಾರ್ಡಿನ ಬೆಂಚಿನ ಮೇಲೆ ಕೂತು, ಈ ಗೇಟನ್ನು ಕಂಡುಹಿಡಿದವರು ಯಾರು ಎಂದು ಓದಲು ಶುರು ಮಾಡಿದೆ. ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಹಿಡಿದು ಕೂರಿಸಿತು. ನಮ್ಮ ಮನೆಯಲ್ಲಿ ಈಗ ಆಗುತ್ತಿರುವುದೆಲ್ಲ, ಕೆಟ್ಟ ಹೊಟ್ಟೆಯೂ ಮುಂದೆ ಬರಲಿದ್ದ ಗೊಂದಲದ ಸ್ಕ್ಯಾನೂ, ಮೂವತ್ತು ವರ್ಷದ ಹಿಂದೆ ಇಲಿಗಳ ಪಂಜರದಲ್ಲೇ ಆಗಿಹೋಗಿತ್ತು.

ಗೇಟು ಮೊದಲು ಕಣ್ಣಿಗೆ ಬಿದ್ದದ್ದು 1987ರಲ್ಲಿ, ಫ್ರಾನ್ಸಿನಲ್ಲಿ. ಪಿಯೆರ್ ಗೋಲ್‌ಸ್ಟೈನ್ ಅವರ ತಂಡ ಟಿ ಕಣಗಳ ಮೇಲಿನ ಒಂದು ಪ್ರೋಟೀನನ್ನು ಗುರುತಿಸಿ ಸಿಟಿಎಲ್‌ಎ-4 ಎಂದು ಕರೆಯಿತು. ರಕ್ತದಲ್ಲಿ ಓಡಾಡುತ್ತ ವೈರಿಗಳನ್ನು ಹುಡುಕಿ ಕೊಲ್ಲುವ ಬಿಳಿಕಣಗಳೇ ಈ ಟಿ ಕಣಗಳು. ಆ ಪ್ರೋಟೀನು ಏನು ಮಾಡುತ್ತದೆ ಎನ್ನುವುದು ಆಗ ತಿಳಿದಿರಲಿಲ್ಲ. ಟಿ ಕಣಗಳನ್ನು ಹುರಿದುಂಬಿಸುವುದು ಅದರ ಕೆಲಸ ಎಂದೇ ಕೆಲವರು ವಾದಿಸಿದರು. ಅಲ್ಲ, ಅದು ತಡೆಯುವ ಕೈ ಎಂದು 1994–95ರ ಹೊತ್ತಿಗೆ ತೋರಿಸಿದವರು ಇಬ್ಬರು: ಜೆಫ್ ಬ್ಲೂಸ್ಟೋನ್ ಮತ್ತು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಜೇಮ್ಸ್ ಆಲಿಸನ್. ಆಲಿಸನ್ ಟೆಕ್ಸಾಸಿನ ಸಣ್ಣ ಊರಿನವರು. ಅವರ ತಾಯಿ ಲಿಂಫೋಮಾದಿಂದ ತೀರಿಕೊಂಡಾಗ ಅವರಿನ್ನೂ ಬಾಲಕ.

ತಡೆಯುವ ಕೈಯನ್ನೇ ತಡೆದರೆ? 1994ರ ಕೊನೆಯಲ್ಲಿ ಆಲಿಸನ್ ಅವರ ಪ್ರಯೋಗಾಲಯದ ಡೇನಾ ಲೀಚ್, ಗಡ್ಡೆ ಬೆಳೆಸಿದ ಇಲಿಗಳಿಗೆ ಸಿಟಿಎಲ್‌ಎ-4 ಅನ್ನು ಮುಚ್ಚಿಹಾಕುವ ಆಂಟಿಬಾಡಿ ಚುಚ್ಚಿದರು. ಗಡ್ಡೆಗಳು ಕರಗಿದವು. ಆಲಿಸನ್‌ಗೆ ನಂಬಿಕೆ ಬರಲಿಲ್ಲ. ಕೂಡಲೇ ಮತ್ತೊಮ್ಮೆ ಮಾಡೋಣ, ಯಾವ ಪಂಜರದ ಇಲಿಗೆ ಔಷಧಿ ಹೋಗಿದೆ ಎಂದು ನನಗೆ ಹೇಳಬೇಡ ಎಂದರು. ಕ್ರಿಸ್‌ಮಸ್ ರಜೆ, ಲೀಚ್ ಊರಲ್ಲಿ ಇರಲಿಲ್ಲ, ಗಡ್ಡೆ ಅಳೆಯುವ ಕೆಲಸ ಆಲಿಸನ್ ಅವರ ಪಾಲಿಗೇ ಬಂತು. ಮೊದಲ ದಿನಗಳಲ್ಲಿ ಎಲ್ಲ ಪಂಜರಗಳ ಗಡ್ಡೆಗಳೂ ಬೆಳೆಯುತ್ತಲೇ ಹೋದವು. ಮೊದಲ ಸಲದ್ದು ಸುಳ್ಳು ಭರವಸೆ ಎಂದು ಅವರ ಮನಸ್ಸು ಕುಗ್ಗಿತು. ಆಮೇಲೆ ಕೆಲವು ಪಂಜರಗಳಲ್ಲಿ ಬೆಳವಣಿಗೆ ನಿಂತಿತು, ಗಡ್ಡೆ ಕುಗ್ಗತೊಡಗಿತು, ಇಲ್ಲವಾಯಿತು. 1996ರಲ್ಲಿ ಇದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಗಡ್ಡೆ ಮಾಯವಾದ ಜಾಗದಲ್ಲಿ ನಿಲ್ಲಿಸುತ್ತಾರೆ. ನಾನು ನಿಂತದ್ದು ಅದಕ್ಕೂ ಮೊದಲಿನ ಆ ದಿನಗಳಲ್ಲಿ. ಔಷಧಿ ಕೆಲಸ ಮಾಡುತ್ತಿದ್ದಾಗಲೇ ಅಳತೆಪಟ್ಟಿ ಸೋಲು ಎಂದು ಹೇಳುತ್ತಿತ್ತು, ಔಷಧಿ ಕಂಡುಹಿಡಿದವರೇ ಆ ಅಳತೆಯನ್ನು ನಂಬಿದ್ದರು.

ಈ ಕತೆಯ ಇನ್ನರ್ಧ 1995ರಲ್ಲಿ ಸಿಕ್ಕಿತು. ಸಿಟಿಎಲ್‌ಎ-4 ಹುಟ್ಟಿನಿಂದಲೇ ಇಲ್ಲದಂಥ ಇಲಿಗಳನ್ನು ಎರಡು ತಂಡಗಳು ಬೇರೆಬೇರೆಯಾಗಿ ಸೃಷ್ಟಿಸಿದವು: ಕೆನಡಾದಲ್ಲಿ ಟಾಕ್ ಮಾಕ್, ಅಮೆರಿಕದಲ್ಲಿ ಆರ್ಲೀನ್ ಶಾರ್ಪ್ ಅವರ ತಂಡ. ಆ ಮರಿಗಳು ಮೂರು–ನಾಲ್ಕು ವಾರ ಮಾತ್ರ ಬದುಕಿದವು. ಕೊಯ್ದು ನೋಡಿದರೆ ಹೃದಯದಲ್ಲಿ, ಮೇದೋಜೀರಕದಲ್ಲಿ, ಎಲ್ಲೆಲ್ಲೂ ತಮ್ಮದೇ ಟಿ ಕಣಗಳು ನುಗ್ಗಿ ತುಂಬಿದ್ದವು. ಗೇಟೇ ಇಲ್ಲದ ಕಾಲುವೆಯ ಗತಿ ಅದು. ಅಂದರೆ ಮನುಷ್ಯರ ಮೈಗೆ ಈ ಔಷಧಿ ಹೋಗುವ ಮೊದಲೇ ಅದರ ಅಡ್ಡಪರಿಣಾಮ ಏನೆಂದು ಗೊತ್ತಿತ್ತು.

2003ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ತಂಡ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 14 ರೋಗಿಗಳಿಗೆ ಸಿಟಿಎಲ್‌ಎ-4 ತಡೆಯುವ ಔಷಧಿ ಕೊಟ್ಟು ವರದಿ ಬರೆಯಿತು. 3 ಮಂದಿಯ ಗಡ್ಡೆ ಕುಗ್ಗಿತ್ತು. 6 ಮಂದಿಗೆ ತಮ್ಮ ಮೈಯೇ ತಮ್ಮ ಮೇಲೆ ತೀವ್ರವಾಗಿ ತಿರುಗಿಬಿದ್ದಿತ್ತು: ಚರ್ಮ, ಕರುಳು, ಯಕೃತ್ತು, ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ. ಕ್ಯಾನ್ಸರ್ ಕುಗ್ಗಿದ್ದು, ಮೈ ತಿರುಗಿಬಿದ್ದದ್ದು ಎರಡನ್ನೂ ಆ ಲೇಖನದ ತಲೆಬರಹದಲ್ಲೇ ಜೊತೆಯಾಗಿ ಇಟ್ಟಿದ್ದಾರೆ. ಅಡ್ಡಪರಿಣಾಮ ಎಂಬ ನಮ್ಮ ಮಾತು ಇಲ್ಲಿ ಸರಿಹೊಂದುವುದಿಲ್ಲ ಎಂದು ನನಗೆ ಅನಿಸಿದ್ದು ಅದನ್ನು ಓದಿದಾಗ. ಅದು ಅಡ್ಡ ಬಂದದ್ದಲ್ಲ, ಅದೇ ನೀರು, ಇನ್ನೊಂದು ಹೊಲಕ್ಕೆ ಹರಿದದ್ದು.

ಅಪ್ಪನಿಗೆ ಕೊಟ್ಟದ್ದು ಸಿಟಿಎಲ್‌ಎ-4 ತಡೆಯುವ ಈ ಔಷಧಿಯಲ್ಲ, ಇದರ ತಮ್ಮ. 1992ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ತಸುಕು ಹೊಂಜೊ ಅವರ ವಿದ್ಯಾರ್ಥಿ ಯಸುಮಸ ಇಶಿದಾ, ಕಣಗಳು ಸಾಯುವಾಗ ಚುರುಕಾಗುವ ಜೀನು ಯಾವುದು ಎಂದು ಹುಡುಕುತ್ತಿದ್ದರು. ಸಿಕ್ಕ ಪ್ರೋಟೀನಿಗೆ ಸಾವಿನ ಹೆಸರನ್ನೇ ಇಟ್ಟು ಪಿಡಿ-1 ಎಂದರು. ಹೆಸರು ತಪ್ಪಾಗಿತ್ತು, ಆದರೆ ಅದೇ ಉಳಿಯಿತು. ಆ ಪ್ರೋಟೀನು ಇಲ್ಲದ ಇಲಿಗಳನ್ನು ಹೊಂಜೊ ತಂಡ ವರ್ಷಗಟ್ಟಲೆ ಸಾಕಿ ನೋಡಿತು. ಇವು ಮೂರು ವಾರಕ್ಕೆ ಸಾಯಲಿಲ್ಲ. ವಯಸ್ಸಾದಂತೆ ಒಂದು ತಳಿಗೆ ಕೀಲು ಊದಿತು, ಮೂತ್ರಪಿಂಡ ಕೆಟ್ಟಿತು. ಅದು 1999ರ ವರದಿ. 2001ರಲ್ಲಿ ಇನ್ನೊಂದು ತಳಿಯ ಹೃದಯ ಹಿಗ್ಗಿ ದುರ್ಬಲವಾದದ್ದು ಕಂಡಿತು. ಇದೂ ಬ್ರೇಕೇ, ಆದರೆ ಮೆಲ್ಲಗೆ ಒತ್ತುವ ಬ್ರೇಕು. ಅದಕ್ಕೇ ಪಿಡಿ-1 ತಡೆಯುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ಗಳನ್ನು ಹೆಚ್ಚಿನ ರೋಗಿಗಳು ತಾಳಿಕೊಳ್ಳುತ್ತಾರೆ. ಅವುಗಳ ತೊಂದರೆ ಒಮ್ಮೊಮ್ಮೆ ನಿಧಾನವಾಗಿ, ತಿಂಗಳುಗಳ ಮೇಲೆ, ಔಷಧಿ ನಿಲ್ಲಿಸಿ ಎಷ್ಟೋ ದಿನದ ಮೇಲೂ ಬರುತ್ತದೆ. ಆಲಿಸನ್ ಮತ್ತು ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು.

ಸ್ಟೀರಾಯ್ಡ್ ಶುರುವಾದ ನಾಲ್ಕನೆಯ ದಿನಕ್ಕೆ ಭೇದಿ ಹಿಡಿತಕ್ಕೆ ಬಂತು. ಆದರೆ ಮೈಯ ಸೈನ್ಯವನ್ನು ಎಬ್ಬಿಸುವ ಔಷಧಿ ಕೊಟ್ಟು, ಮತ್ತೆ ಅದನ್ನು ಮಲಗಿಸುವ ಔಷಧಿ ಕೊಟ್ಟರೆ ಎಲ್ಲ ನೀರುಪಾಲಾಯಿತಲ್ಲ ಎಂದು ನನ್ನ ತಮ್ಮ ಸಂಕಟಪಟ್ಟ. ಇದನ್ನೇ ಕೇಳಿದಾಗ ಡಾಕ್ಟರು ಸಮಾಧಾನದಿಂದ ತಿಳಿಸಿದರು: ಹೀಗೆ ಬಂದ ತೊಂದರೆಗೆ ಸ್ಟೀರಾಯ್ಡ್ ಕೊಟ್ಟವರಲ್ಲಿ ಇಮ್ಯುನೋಥೆರಪಿಯ ಲಾಭ ಕಳೆದುಹೋಗುವುದು ಕಂಡುಬಂದಿಲ್ಲ, ಕೊಡದೆ ಬಿಟ್ಟರೆ ಕರುಳು ತೂತಾಗಿ ಪ್ರಾಣಕ್ಕೇ ಬರಬಹುದು. ಹೊಟ್ಟೆ ಕಟ್ಟುವ ಗುಳಿಗೆಯ ಬಗ್ಗೆಯೂ ಅವರೇ ಹೇಳಿದರು, ಬೈಯದೆ. ಅದು ಸಲಗಳ ಲೆಕ್ಕವನ್ನು ಮರೆಮಾಚುತ್ತದೆ, ಒಳಗಿನ ಉರಿ ಹಾಗೇ ಇರುತ್ತದೆ. ಸ್ಟೀರಾಯ್ಡನ್ನು ಒಮ್ಮೆಲೆ ಬಿಡಬಾರದು, ವಾರವಾರಕ್ಕೆ ಇಳಿಸುತ್ತ ತಿಂಗಳು ಮೀರಿ ಎಳೆಯಬೇಕು, ಸಕ್ಕರೆ ಅಳೆಯುತ್ತಿರಬೇಕು. ಅವ್ವನಿಗೆ ಅಕ್ಷರ ಬರುವುದಿಲ್ಲ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಮನೆಗೆ ಅಷ್ಟಷ್ಟು ಚುಕ್ಕೆ ಇಟ್ಟುಕೊಟ್ಟೆ. ಎಷ್ಟು ಚುಕ್ಕೆಯೋ ಅಷ್ಟು ಗುಳಿಗೆ. ಒಂದು ದಿನವೂ ಅವಳು ತಪ್ಪಲಿಲ್ಲ.

ಜೂನಿನಲ್ಲಿ ಸ್ಕ್ಯಾನ್. ಪೆಟ್ ಸ್ಕ್ಯಾನಿಗೆ ನಾವು ಹೈದರಾಬಾದಿಗೆ ಹೋದೆವು. ಇದನ್ನು ಪ್ರತಿ ತಾಲ್ಲೂಕಿನಲ್ಲೂ ಯಾಕೆ ಮಾಡಲಾಗದು ಎಂಬುದಕ್ಕೂ ಒಂದು ಕಾರಣವಿದೆ. ರಕ್ತನಾಳಕ್ಕೆ ಚುಚ್ಚುವುದು ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಸಕ್ಕರೆ. ಆ ಫ್ಲೋರಿನ್ 110 ನಿಮಿಷಕ್ಕೆ ಅರ್ಧವಾಗುತ್ತದೆ, ಇನ್ನೊಂದು 110 ನಿಮಿಷಕ್ಕೆ ಕಾಲುಭಾಗ. ತಯಾರಿಸುವ ಯಂತ್ರದಿಂದ ದೂರವಿದ್ದಷ್ಟೂ ಕೈಗೆ ಬರುವುದು ಕಡಿಮೆ. 1976ರಲ್ಲಿ ಮೊದಲ ಸಲ ಮನುಷ್ಯರಿಗೆ ಇದನ್ನು ಕೊಟ್ಟಾಗಲೂ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಿಸಿ ಫಿಲಡೆಲ್ಫಿಯಾಗೆ ಅವಸರವಾಗಿ ಸಾಗಿಸಬೇಕಾಯಿತು. ಕ್ಯಾನ್ಸರ್ ಕಣಗಳಿಗೆ ಸಕ್ಕರೆಯ ಹಸಿವು ಜಾಸ್ತಿ, ಅವು ಅದನ್ನು ನುಂಗಿ ಚಿತ್ರದಲ್ಲಿ ಹೊಳೆಯುತ್ತವೆ. ಆದರೆ ಕಾದಾಡುವ ಟಿ ಕಣಗಳಿಗೂ ಅಷ್ಟೇ ಹಸಿವು, ಅವೂ ಹೊಳೆಯುತ್ತವೆ. ಜಾತ್ರೆಯ ಬಯಲಿನಲ್ಲಿ ಧೂಳೆದ್ದದ್ದನ್ನು ಗುಡ್ಡದ ಮೇಲಿನಿಂದ ನೋಡಿದವನಿಗೆ, ಅಲ್ಲಿ ಜಗಳ ಹೆಚ್ಚಾಗುತ್ತಿದೆಯೋ ಬಿಡಿಸುವವರು ಬಂದು ಸೇರಿದರೋ ತಿಳಿಯುವುದಿಲ್ಲ.

ಅಪ್ಪನ ರಿಪೋರ್ಟಿನಲ್ಲಿ ಕುತ್ತಿಗೆಯ ಗಂಟು ಮುಂಚಿಗಿಂತ ದೊಡ್ಡದು ಎಂದಿತ್ತು. ಬಲ ಶ್ವಾಸಕೋಶದಲ್ಲಿ ಹೊಸದೊಂದು ಚುಕ್ಕೆ. ರೋಗ ಮುಂದುವರಿದಿರಬಹುದು, ಉರಿಯೂತವೂ ಇರಬಹುದು ಎಂದು ಬರೆದಿದ್ದರು. ಹೈದರಾಬಾದಿನಿಂದ ಯಾದಗಿರಿಗೆ ಬರುವ ದಾರಿಯುದ್ದಕ್ಕೂ ಆ ಎರಡು "ಬಹುದು"ಗಳನ್ನು ನಾನು ಎಷ್ಟು ಸಲ ಓದಿದೆನೋ. ಅಪ್ಪ ಕೇಳಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತ, "ಈ ಕಡಿ ಬಿತ್ತಿಗಿ ಆಗ್ಯದ" ಎಂದ.

ಈ ಗೊಂದಲ ಒಂದು ಔಷಧಿಯ ಹಣೆಬರಹವನ್ನೇ ಬರೆಯುವುದರಲ್ಲಿತ್ತು. ಗಡ್ಡೆಯ ಅಳತೆ ಐದನೇ ಒಂದು ಪಾಲು ಹೆಚ್ಚಿದರೆ ಔಷಧಿ ಸೋತಿತು ಎಂಬ ನಿಯಮ ಇದ್ದದ್ದು ಕೀಮೋಗಾಗಿ. ಕೀಮೋ ಗಡ್ಡೆಯನ್ನು ನೇರವಾಗಿ ಸಾಯಿಸುತ್ತದೆ, ಅಲ್ಲಿ ಆ ಅಳತೆ ಸರಿ. 2008ರಲ್ಲಿ ಫೈಜರ್ ಕಂಪನಿ ಸಿಟಿಎಲ್‌ಎ-4 ತಡೆಯುವ ತನ್ನ ಔಷಧಿ ಟ್ರೆಮೆಲಿಮುಮ್ಯಾಬ್‌ನ ದೊಡ್ಡ ಪ್ರಯೋಗವನ್ನು, ನಡುವಿನ ಲೆಕ್ಕದಲ್ಲಿ ಪ್ರಯೋಜನ ಕಾಣಲಿಲ್ಲವೆಂದು ನಿಲ್ಲಿಸಿತು. ಅಂಥದೇ ಇನ್ನೊಂದು ಔಷಧಿ ಇಪಿಲಿಮುಮ್ಯಾಬ್‌ನವರು ಗಡ್ಡೆಯ ಅಳತೆ ಬಿಟ್ಟು, ರೋಗಿ ಎಷ್ಟು ದಿನ ಬದುಕಿದ ಎಂಬುದನ್ನೇ ಅಳೆಯಲು ತೀರ್ಮಾನಿಸಿ ಕಾದರು. 2010ರಲ್ಲಿ ಫಲಿತಾಂಶ ಬಂತು: ಮುಂದುವರಿದ ಮೆಲನೋಮಾದಲ್ಲಿ ಆಯುಷ್ಯ ಹೆಚ್ಚಿಸಿದ ಮೊದಲ ಔಷಧಿ. 2011ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಫೈಜರ್ ಕೈಬಿಟ್ಟಿದ್ದ ಔಷಧಿಗೂ ಬೇರೊಂದು ಕಂಪನಿಯ ಕೈಯಲ್ಲಿ, ಯಕೃತ್ತಿನ ಕ್ಯಾನ್ಸರಿಗಾಗಿ, 2022ರಲ್ಲಿ ಅನುಮತಿ ದೊರೆಯಿತು.

ನ್ಯೂಯಾರ್ಕಿನ ಜೆಡ್ ವೊಲ್ಚಾಕ್ ಮತ್ತು ಜೊತೆಗಾರರು 2009ರಲ್ಲಿ ಹೊಸ ಅಳತೆಯ ಕ್ರಮ ಸೂಚಿಸಿದರು. ಇಪಿಲಿಮುಮ್ಯಾಬ್ ಪಡೆದ 227 ರೋಗಿಗಳಲ್ಲಿ, ಹಳೆಯ ನಿಯಮದಂತೆ ಔಷಧಿ ಸೋತಿತು ಎನ್ನಬೇಕಾಗಿದ್ದ 22 ಮಂದಿಗೆ ನಿಜಕ್ಕೂ ಗುಣ ಕಂಡಿತ್ತು. 2017ರ ನಿಯಮ ಇನ್ನೂ ಸ್ಪಷ್ಟ: ಮೊದಲ ಸಲ ದೊಡ್ಡದಾಗಿ ಕಂಡರೆ ಅದನ್ನು ಖಚಿತವಾಗದ ಬೆಳವಣಿಗೆ ಎಂದು ಬರೆಯಿರಿ, ರೋಗಿ ಗಟ್ಟಿಯಾಗಿದ್ದರೆ ನಾಲ್ಕರಿಂದ ಎಂಟು ವಾರ ಬಿಟ್ಟು ಮತ್ತೆ ನೋಡಿ.

ಇಲ್ಲಿ ಸತ್ಯವನ್ನು ಮುಚ್ಚಬಾರದು. 227ರಲ್ಲಿ 22 ಎಂದರೆ ನೂರಕ್ಕೆ ಹತ್ತೂ ಇಲ್ಲ. ಪಿಡಿ-1 ಔಷಧಿಗಳಲ್ಲಿ, ಅದರಲ್ಲೂ ಬಾಯಿ–ಗಂಟಲಿನ ಕ್ಯಾನ್ಸರಿನಲ್ಲಿ, ಇದು ಇನ್ನೂ ಅಪರೂಪ. ಸ್ಕ್ಯಾನಿನಲ್ಲಿ ಬೆಳೆದದ್ದು ಬಹಳ ಸಲ ನಿಜವಾಗಿಯೂ ಬೆಳೆದದ್ದೇ. ಡಾಕ್ಟರು ಇದನ್ನು ನನಗೆ ಹೊರಗೆ ಕರೆದು ಹೇಳಿದರು. ಕಾಯುವುದಕ್ಕೆ ಅವರು ಕೊಟ್ಟ ಕಾರಣ ಎರಡು: ನೋವಿನ ಗುಳಿಗೆ ಮೂರರಿಂದ ಒಂದಕ್ಕೆ ಇಳಿದಿದೆ, ತೂಕ ಎರಡು ಕಿಲೋ ಏರಿದೆ. ತೂಕ ಏರಿದ್ದು ಸ್ಟೀರಾಯ್ಡಿನಿಂದಲೂ ಇರಬಹುದು ಎಂದೂ ಅವರೇ ಸೇರಿಸಿದರು.

ಮುಂದಿನ ಸ್ಕ್ಯಾನಿಗೆ ಕಾದ ಆರು ವಾರ ಹೇಗೆ ಕಳೆದವು ಎಂದು ಬರೆಯುವುದು ಕಷ್ಟ. ಅವ್ವ ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತಳು. ಅಕ್ಕ ಪ್ರತಿ ರಾತ್ರಿ ಅಪ್ಪ ಮಲಗಿದ ಮೇಲೆ ಕುತ್ತಿಗೆಯ ಗಂಟನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಒಂದು ರಾತ್ರಿ ಅಪ್ಪ ಕಣ್ಣು ಮುಚ್ಚಿಕೊಂಡೇ, "ದಿನಾ ಅಳದ್ರ ಅದು ಬೆಳಿಯೂದೂ ಇಲ್ಲ, ಇಳಿಯೂದೂ ಇಲ್ಲ, ಮಲಕ್ಕೊ ತಾಯಿ" ಎಂದ.

ಈ ಔಷಧಿ ಅಪ್ಪನ ತನಕ ಬಂದದ್ದು ಹೇಗೆ ಎಂಬುದನ್ನೂ ಹೇಳಬೇಕು. ಯಾದಗಿರಿ ಸ್ಟೇಷನ್ನಿನಲ್ಲಿ ನಿಂತರೆ ಉದ್ಯಾನ್ ಎಕ್ಸ್‌ಪ್ರೆಸ್ ಒಂದು ದಿಕ್ಕಿಗೆ ಬೆಂಗಳೂರಿಗೆ, ಇನ್ನೊಂದು ದಿಕ್ಕಿಗೆ ಮುಂಬೈಗೆ. ನಮ್ಮ ಸಗರನಾಡಿನ ಕ್ಯಾನ್ಸರ್ ರೋಗಿಗಳಿಗೆ ಅದರ ಅರ್ಥ ಕಿದ್ವಾಯಿ ಆಸ್ಪತ್ರೆ, ಇಲ್ಲವೆ ಟಾಟಾ ಆಸ್ಪತ್ರೆ. ನಿವೊಲುಮ್ಯಾಬ್‌ನ ಪೂರ್ತಿ ಡೋಸು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಅದನ್ನು ವರ್ಷವಿಡೀ ಕೊಡಿಸುವುದು ನಾಲ್ಕು ಎಕರೆಯ ರೈತನಿಗೆ ಕೈಮೀರಿದ ಮಾತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವಿಜಯ್ ಪಾಟೀಲ, ಕುಮಾರ್ ಪ್ರಭಾಷ್ ಮತ್ತು ಜೊತೆಗಾರರು ಬೇರೆ ಪ್ರಶ್ನೆ ಕೇಳಿದರು: ಅಷ್ಟು ಬೇಕೇ ಬೇಕೆ? ಮೈತೂಕದ ಕಿಲೋಗೆ 0.3 ಮಿಲಿಗ್ರಾಂನಷ್ಟು ಕೊಟ್ಟರೂ ಟಿ ಕಣಗಳ ಮೇಲಿನ ಪಿಡಿ-1 ಹಿಡಿಕೆಗಳು ಹೆಚ್ಚುಕಡಿಮೆ ತುಂಬಿಹೋಗುತ್ತವೆ ಎಂದು ಮೊದಮೊದಲ ಪ್ರಯೋಗಗಳೇ ತೋರಿಸಿದ್ದವು. 60 ಕಿಲೋ ಮನುಷ್ಯನಿಗೆ ಸುಮಾರು 20 ಮಿಲಿಗ್ರಾಂ.

ಅವರು 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಅಗ್ಗದ ಮೂರು ಗುಳಿಗೆ, ಅಂದರೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್. ಇನ್ನೊಂದಕ್ಕೆ ಅದೇ ಗುಳಿಗೆಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಒಂದು ವರ್ಷದ ಮೇಲೆ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 16.3, ಎರಡನೆಯದರಲ್ಲಿ 43.4. 2022ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು. ಲೆಕ್ಕ ಹಾಕಿ ನೋಡಿ: ಆರು ವಾರಕ್ಕೆ ಪೂರ್ತಿ ಡೋಸಾದರೆ 720 ಮಿಲಿಗ್ರಾಂ, ಇದಾದರೆ 40. ಹದಿನೆಂಟನೇ ಒಂದು ಪಾಲು. ನನ್ನ ಮಟ್ಟಿಗೆ ಇದು ಬರ್ಕ್ಲಿ, ಕ್ಯೋಟೊಗಳ ಆವಿಷ್ಕಾರಕ್ಕಿಂತ ಚಿಕ್ಕದಲ್ಲ. ಗೇಟು ಕಂಡುಹಿಡಿದವರು ಅವರು. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟುವಂತೆ ಮಾಡಿದವರು ಇವರು. ಕಾಲುವೆಯ ಕೊನೆಯಲ್ಲಿ ಬದುಕಿದವರಿಗೆ ಗೊತ್ತು, ಎರಡನೆಯದು ಎಷ್ಟು ದೊಡ್ಡ ಕೆಲಸ ಎಂದು.

ಆಗಸ್ಟಿನ ಸ್ಕ್ಯಾನಿನಲ್ಲಿ ಕುತ್ತಿಗೆಯ ಗಂಟು ಜೂನಿಗಿಂತ ಕುಗ್ಗಿತ್ತು. ಶ್ವಾಸಕೋಶದ ಚುಕ್ಕೆ ಹಾಗೇ ಇತ್ತು. ಅದು ಏನು ಎಂದು ಇವತ್ತಿಗೂ ಯಾರೂ ಖಚಿತವಾಗಿ ಹೇಳಿಲ್ಲ; ಸೂಜಿ ಹಾಕಿ ತೆಗೆಯಲು ತೀರಾ ಚಿಕ್ಕದು. ಸಲಾಯಿನ್ ಮತ್ತೆ ಶುರುವಾಯಿತು. ಮಳೆ ಹಿಡಿದ ಮೇಲೆ ಅಪ್ಪ ಸದಾ ಹೊದ್ದು ಮಲಗತೊಡಗಿದ, ದನಿ ಇನ್ನಷ್ಟು ಗಡಸಾಯಿತು, ಮುಖ ಬಾತಿತು. ಸುಸ್ತು ಎಂದರು ಎಲ್ಲರೂ. ಈ ಸಲ ನಾವು ಅದೇ ದಿನ ಫೋನ್ ಮಾಡಿದೆವು. ಥೈರಾಯ್ಡ್ ಗ್ರಂಥಿ ಸೋತಿತ್ತು. ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಸಣ್ಣ ಗುಳಿಗೆ, ಬದುಕಿರುವ ತನಕ. ಮೂರು ವಾರಕ್ಕೆ ಎದ್ದು ಹೊಲದ ಬದುವಿನ ತನಕ ನಡೆದುಹೋದ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಔಷಧಿ ನಡೆಯುತ್ತಿದ್ದರೆ, ನಡೆದು ವರ್ಷವಾಗಿದ್ದರೂ, ಹುಣಸಗಿಯ ಕ್ಲಿನಿಕ್ಕಿಗೆ ಹೋಗಿ ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಹೋಗಿ, ಕೆಮ್ಮಿಗೆ ಹೋಗಿ ಭೇದಿಗೆ ಹೋಗಿ, ಮೊದಲ ಮಾತಾಗಿ ಅದನ್ನು ಹೇಳಿ. ಕೀಮೋ ಎನ್ನಬೇಡಿ, ಇಮ್ಯುನೋಥೆರಪಿ ಎನ್ನಿ. ಬಾಯಲ್ಲಿ ಹೇಳಲು ಬಾರದವರ ಜೇಬಿನಲ್ಲಿ ಬರೆದು ಇಡಿ. ಅಪ್ಪನ ಅಂಗಿಯ ಎಡಜೇಬಿನಲ್ಲಿ, ಮೊದಲು ತಂಬಾಕಿನ ಚೀಲ ಇರುತ್ತಿದ್ದ ಜಾಗದಲ್ಲಿ, ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಚೀಟಿ ಇದೆ: ನಿವೊಲುಮ್ಯಾಬ್, 20 ಮಿಲಿಗ್ರಾಂ, ಕೊನೆಯ ಸಲಾಯಿನ್ನಿನ ತಾರೀಖು, ಡಾಕ್ಟರ ಫೋನ್ ನಂಬರು.